ಪ್ರಯೋಗಾಲಯದಿಂದ ಬಂದ ಬೀಗಲ್‌ಗೆ ಮನೆ ಕೊಡುವುದು ಹೇಗೆ: ಮೊದಲ ಫೋನ್‌ನಿಂದ ಮೂರು ತಿಂಗಳವರೆಗೆ

"ಮೇಡಂ, ಒಂದು ಬೀಗಲ್ ಮರಿ ಬೇಕಿತ್ತು. ಅಡಾಪ್ಷನ್ ಅಂದ್ರೆ ಫ್ರೀ ಅಲ್ವಾ? ಭಾನುವಾರ ಬಂದು ತಗೊಂಡು ಹೋಗ್ತೀವಿ."

ಬೀಗಲ್ ತಳಿಯ ನಾಯಿಗಳಿಗೆ ಮಾತ್ರ ಮನೆ ಹುಡುಕುವ ಬೆಂಗಳೂರಿನ ಗುಂಪೊಂದರ ಜತೆ ಬಿಡುವಿದ್ದಾಗ ನಾನೂ ಓಡಾಡುತ್ತೇನೆ. ಇಂಥ ಫೋನ್ ಆಗಾಗ ಬರುತ್ತಲೇ ಇರುತ್ತವೆ. ಕೇಳುವವರದ್ದು ತಪ್ಪೇನಿಲ್ಲ. ಅಂಗಡಿಯಲ್ಲಿ ನಾವು ನಾಯಿ ಆರಿಸುತ್ತೇವೆ. ಇಲ್ಲಿ ಉಲ್ಟಾ, ಗುಂಪಿನವರು ನಾಯಿಗೆ ಮನೆ ಆರಿಸುತ್ತಾರೆ. ಹುಡುಗಿ ಮನೆಯವರು ಹುಡುಗನ ಬಗ್ಗೆ ನಾಲ್ಕು ಕಡೆ ವಿಚಾರಿಸುವ ಹಾಗೆ ವಿಚಾರಿಸುತ್ತಾರೆ. ಇದೊಂದು ತಲೆಗೆ ಹೋದರೆ ಮುಂದಿನ ಫಾರ್ಮು, ಪ್ರಶ್ನೆ, ಮನೆ ತಪಾಸಣೆ ಯಾವುದೂ ಕಿರಿಕಿರಿ ಅನ್ನಿಸುವುದಿಲ್ಲ.

ನಮ್ಮ ಮನೆಯಲ್ಲಿ ಈಗಿರುವುದು ಬೆಲ್ಲ. ಬಣ್ಣ ಅಚ್ಚು ಬೆಲ್ಲದ್ದು, ಅದಕ್ಕೇ ಆ ಹೆಸರು. ನಮ್ಮ ಕೈಗೆ ಬಂದಾಗ ಅವಳಿಗೆ ನಾಲ್ಕು ವರ್ಷ. ಅಲ್ಲಿಯವರೆಗೆ ಹೆಸರಿರಲಿಲ್ಲ. ಕಿವಿಯ ಒಳಗೆ ಹಚ್ಚೆ ಹಾಕಿದ ಒಂದು ನಂಬರ್ ಇತ್ತು, ಈಗಲೂ ಇದೆ. ಕಿವಿ ಒರೆಸುವಾಗ ದಿನಾ ಕಾಣುತ್ತದೆ.

ಮೊದಲು ತಳಿ ಎಂಥದ್ದು ಅಂತ ತಿಳಿದುಕೊಳ್ಳಿ

ಬೀಗಲ್ ಇಂಗ್ಲೆಂಡಿನಲ್ಲಿ ಮೊಲದ ಬೇಟೆಗಾಗಿ ಬೆಳೆಸಿದ ನಾಯಿ. ಹಿಂಡಿನಲ್ಲಿ ಓಡುವುದು, ಮೂಗು ನೆಲಕ್ಕಿಟ್ಟು ಜಾಡು ಹಿಡಿಯುವುದು, ಜಾಡು ಸಿಕ್ಕಿತು ಅಂತ ದೂರದಲ್ಲಿರುವ ಬೇಟೆಗಾರನಿಗೆ ಊಳಿಟ್ಟು ಹೇಳುವುದು, ಇಷ್ಟು ಅದರ ಕೆಲಸ. ಆ ಬೇಟೆಗಾರ ಈಗಿಲ್ಲ. ಊಳು ಇದೆ. ಪಕ್ಕದ ಫ್ಲ್ಯಾಟಿನವರಿಗೆ ಕೇಳಿಸುತ್ತದೆ.

ತೂಕ ಹೆಚ್ಚುಕಮ್ಮಿ 10ರಿಂದ 12 ಕಿಲೋ. ಬದುಕುವುದು 12ರಿಂದ 15 ವರ್ಷ. ಮೂಗಿನ ಬಗ್ಗೆ ಒಂದೇ ಉದಾಹರಣೆ ಸಾಕು. ಅಮೆರಿಕದ ಏರ್‌ಪೋರ್ಟ್‌ಗಳಲ್ಲಿ ಬ್ಯಾಗ್ ಮೂಸಿ ಹಣ್ಣು, ಸೊಪ್ಪು, ಮಾಂಸ ಹಿಡಿಯುವ 'ಬೀಗಲ್ ಬ್ರಿಗೇಡ್' 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾಯಿತು. ಮಗಳ ಮನೆಗೆ ಅಂತ ಸೀರೆ ಮಡಿಕೆಯಲ್ಲಿ ಕರಿಬೇವು ಬಚ್ಚಿಟ್ಟುಕೊಂಡು ಹೋದ ಅಮ್ಮಂದಿರು ಸಿಕ್ಕಿಬೀಳುವುದು ಇಂಥ ಮೂಗಿಗೇ. ಆ ಮೂಗು ನಿಮ್ಮ ಅಡುಗೆಮನೆಗೆ ಬರುತ್ತಿದೆ ಅನ್ನುವುದು ನೆನಪಿರಲಿ.

ಇನ್ನು ಪ್ರಯೋಗಾಲಯದ ವಿಷಯ. ಹೊಸ ಔಷಧವನ್ನು ಮನುಷ್ಯರಿಗೆ ಕೊಡುವ ಮುಂಚೆ ಇಲಿ ಜಾತಿಯ ಒಂದು ಪ್ರಾಣಿ, ಇಲಿಯಲ್ಲದ ಇನ್ನೊಂದು ಪ್ರಾಣಿಯ ಮೇಲೆ ಪರೀಕ್ಷೆ ಮಾಡುವ ಕ್ರಮ ಇದೆ. ಎರಡನೆಯದಾಗಿ ಹೆಚ್ಚಾಗಿ ಬಳಸುವುದು ಬೀಗಲ್. ಕಾರಣ ಏನು ಗೊತ್ತಾ? ಸಣ್ಣ ಗಾತ್ರ, ಸಾಧು ಸ್ವಭಾವ. ಸೂಜಿ ಚುಚ್ಚಿದವರ ಕೈಯನ್ನೇ ನೆಕ್ಕುವ ನಾಯಿ ಇದು. ಕೆಲಸ ಮುಗಿದ ಮೇಲೆ ಲ್ಯಾಬ್‌ನವರು ಬಿಟ್ಟುಕೊಟ್ಟ ನಾಯಿಗಳಿಗೆ ಮನೆ ಹುಡುಕುವವರಲ್ಲಿ ಬೆಂಗಳೂರಿನ ಕ್ಯೂಪಾ ಮತ್ತು ಫ್ರೀಗಲ್ಸ್ ಆಫ್ ಇಂಡಿಯಾ ಹೆಸರನ್ನು ನೀವು ಕೇಳಿರಬಹುದು. ಕ್ಯೂಪಾ 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಶುರು ಮಾಡಿದ ಸಂಸ್ಥೆ.

ಬೀಗಲ್ ಗುಂಪಿನವರ ಹತ್ತಿರ ಲ್ಯಾಬ್ ನಾಯಿಗಳು ಮಾತ್ರ ಇರುವುದಿಲ್ಲ. ಊಳಿಡುತ್ತದೆ, ಸೋಫಾ ಹರಿಯುತ್ತದೆ ಅಂತ ಮನೆಯವರೇ ಬಿಟ್ಟುಹೋದವು ಇರುತ್ತವೆ. ಮರಿ ಹಾಕಿಸಿ ಹಾಕಿಸಿ ಸಾಕಾಗಿ ಬ್ರೀಡರ್ ಹೊರಗೆ ತಳ್ಳಿದ ಹೆಣ್ಣುನಾಯಿಗಳು ಇರುತ್ತವೆ. ಮೂರರದ್ದೂ ಸ್ವಭಾವ ಬೇರೆ. ಮನೆಯಲ್ಲಿ ಬೆಳೆದದ್ದಕ್ಕೆ ಮೆಟ್ಟಿಲು, ಟಿವಿ, ಕಾರು ಎಲ್ಲ ಗೊತ್ತು, ಕೆಟ್ಟ ಅಭ್ಯಾಸಗಳೂ ಇರುತ್ತವೆ. ಲ್ಯಾಬ್ ನಾಯಿಗೆ ಕೆಟ್ಟ ಅಭ್ಯಾಸ ಇರಲಿ, ಮಣ್ಣೇ ಗೊತ್ತಿರುವುದಿಲ್ಲ. ಯಾವುದು ಬೇಕು ಅಂತ ಮೊದಲೇ ಯೋಚಿಸಿ. ಮರಿಯೇ ಬೇಕು ಅಂದರೆ ತುಂಬಾ ದಿನ ಕಾಯಬೇಕು. ಇಂಥ ಗುಂಪುಗಳಿಗೆ ಮರಿ ಬರುವುದು ಅಪರೂಪ.

ಮನೆಯವರು, ಮನೆ ಓನರ್, ಅಸೋಸಿಯೇಷನ್

ಫಾರ್ಮು ತುಂಬುವ ಮುಂಚೆ ಮನೆಯಲ್ಲಿರುವ ಎಲ್ಲರನ್ನೂ ಕೂರಿಸಿ ಕೇಳಿ. "ಅಮ್ಮ ಒಪ್ಪಿಲ್ಲ, ಬಂದಮೇಲೆ ಸರಿಹೋಗ್ತಾರೆ" ಅನ್ನುವ ಮಾತು ನಾವು ಬೇಕಾದಷ್ಟು ಕೇಳಿದ್ದೇವೆ. ಕೆಲವು ಅಮ್ಮಂದಿರು ಸರಿಹೋಗುತ್ತಾರೆ ನಿಜ. ಸರಿಹೋಗದಿದ್ದರೆ ಆ ನಾಯಿಗೆ ಇನ್ನೊಂದು ಸಲ ಮನೆ ತಪ್ಪುತ್ತದೆ. ದೇವರಮನೆ, ಮಡಿ, ಅಡುಗೆಮನೆ ವಿಷಯ ಮೊದಲೇ ಮಾತಾಡಿಕೊಳ್ಳಿ. ಬಾಗಿಲಿಗೆ ಮೊಣಕಾಲೆತ್ತರದ ಗೇಟ್ ಹಾಕಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತಗೊಳ್ಳಿ. ವಾಟ್ಸಾಪ್ ಮೆಸೇಜ್ ಆದರೂ ಸರಿ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ವಿಷಯ ಬೇರೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಕಾರ, ಬಹುಮತದಿಂದ ನಿರ್ಣಯ ಮಾಡಿದರೂ ಅಸೋಸಿಯೇಷನ್ ನಾಯಿ ಸಾಕುವುದನ್ನು ನಿಷೇಧಿಸುವ ಹಾಗಿಲ್ಲ. ಹಾಗಂತ ಮೊದಲ ದಿನವೇ ಕಾನೂನು ಓದಿ ಹೇಳಬೇಡಿ. ಕೆಳಗಿನ ಮನೆಯವರಿಗೆ ನೀವೇ ಹೋಗಿ "ಒಂದೆರಡು ವಾರ ಊಳಿಡಬಹುದು, ಸ್ವಲ್ಪ ಸಹಿಸಿಕೊಳ್ಳಿ" ಅಂತ ಹೇಳಿ ಬನ್ನಿ.

ಖರ್ಚು: ಊಟ, ಉಣುಗು ಬರದ ಹಾಗೆ ಹಾಕುವ ಔಷಧ, ಕಿವಿಗೆ ಡ್ರಾಪ್ಸ್ ಎಲ್ಲ ಸೇರಿ ನಮ್ಮ ಮನೆಯಲ್ಲಿ ತಿಂಗಳಿಗೆ 4ರಿಂದ 5 ಸಾವಿರ ಆಗುತ್ತದೆ. ಡಾಕ್ಟರ ಬಿಲ್ ಬೇರೆ. ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ ಅನ್ನುವುದಕ್ಕೂ ಈಗಲೇ ಒಂದು ಹೆಸರು ಇಟ್ಟುಕೊಳ್ಳಿ. ಫಾರ್ಮಿನಲ್ಲಿ ಕೇಳುತ್ತಾರೆ.

ಗುಂಪು ಸರಿಯಾದದ್ದೇ ಅಂತ ನೋಡುವುದು

ಒಳ್ಳೆಯ ಗುಂಪು ನಿಮ್ಮನ್ನು ಜಾಸ್ತಿ ಪ್ರಶ್ನೆ ಕೇಳುತ್ತದೆ. ಏನೂ ಕೇಳದೆ ನಾಯಿ ಕೊಡುತ್ತೇವೆ ಅಂದರೆ ಅನುಮಾನ ಪಡಿ. ಸಂತಾನಹರಣ ಆಪರೇಷನ್ ಮಾಡಿಸಿಯೇ ಕೊಡುತ್ತಾರಾ, ಲಸಿಕೆ ಪುಸ್ತಕ ತೋರಿಸುತ್ತಾರಾ, ಹೊಂದಿಕೆ ಆಗದಿದ್ದರೆ ವಾಪಸ್ ತಗೊಳ್ಳುತ್ತಾರಾ? ಮೂರಕ್ಕೂ ಹೌದು ಅನ್ನಬೇಕು.

ಒಂದು ಮೋಸ ಜೋರಾಗಿ ನಡೆಯುತ್ತಿದೆ. "45 ದಿನದ ಬೀಗಲ್ ಮರಿ, ಫ್ರೀ ಅಡಾಪ್ಷನ್, ಟ್ರಾನ್ಸ್‌ಪೋರ್ಟ್ ಚಾರ್ಜ್ ಮಾತ್ರ ಕಳಿಸಿ" ಅಂತ ಮುದ್ದಾದ ಫೋಟೊ ಹಾಕುತ್ತಾರೆ. ದುಡ್ಡು ಹೋದಮೇಲೆ ನಂಬರ್ ಸ್ವಿಚ್ ಆಫ್. ಅಂದಹಾಗೆ, ಎಂಟು ವಾರ ತುಂಬದ ಮರಿಯನ್ನು ಮಾರುವುದು 2017ರ ನಾಯಿ ತಳಿ ಬೆಳೆಸುವ ನಿಯಮಗಳ ಪ್ರಕಾರ ತಪ್ಪು. 45 ದಿನ ಅಂದ ಕೂಡಲೇ ಫೋನ್ ಇಡಿ. ನಾಯಿಯನ್ನು ಕಣ್ಣಾರೆ ನೋಡುವ ಮುಂಚೆ ಯಾರಿಗೂ ದುಡ್ಡು ಕಳಿಸಬೇಡಿ.

ಫಾರ್ಮು

ಎರಡು ಮೂರು ಪುಟ ಇರುತ್ತದೆ. ಮನೆಯಲ್ಲಿ ಎಷ್ಟು ಜನ, ನಾಯಿ ಎಷ್ಟು ಹೊತ್ತು ಒಂಟಿಯಾಗಿರುತ್ತದೆ, ರಾತ್ರಿ ಎಲ್ಲಿ ಮಲಗುತ್ತದೆ, ಮುಂಚೆ ಸಾಕಿದ್ದ ನಾಯಿ ಏನಾಯಿತು. ನಿಜ ಬರೆಯಿರಿ. "ಇಡೀ ದಿನ ಮನೆಯಲ್ಲೇ ಇರುತ್ತೇವೆ" ಅಂತ ಗಂಡಹೆಂಡತಿ ಇಬ್ಬರೂ ಐಟಿ ಕೆಲಸದವರು ಬರೆದಾಗ ನಮಗೆ ಗೊತ್ತಾಗುತ್ತದೆ. ಬದಲಿಗೆ "ವಾರಕ್ಕೆ ಮೂರು ದಿನ ಆಫೀಸು, ಆ ದಿನ ಅತ್ತೆ ಇರುತ್ತಾರೆ" ಅಂತ ಬರೆದರೆ ನಂಬಿಕೆ ಬರುತ್ತದೆ.

ಅರ್ಜಿ ಅಲ್ಲೇ ನಿಲ್ಲುವುದು ಇಂಥ ಉತ್ತರಗಳಿಗೆ: ಕಾವಲಿಗೆ ಬೇಕು, ಟೆರೇಸ್ ಮೇಲೆ ಕಟ್ಟಿಹಾಕುತ್ತೇವೆ, ಮಗನ ಬರ್ತ್‌ಡೇಗೆ ಸರ್‌ಪ್ರೈಸ್, ಫಾರ್ಮ್‌ಹೌಸ್‌ನಲ್ಲಿ ವಾಚ್‌ಮನ್ ನೋಡಿಕೊಳ್ಳುತ್ತಾನೆ. ಬೀಗಲ್ ಕಳ್ಳನಿಗೂ ಬಾಲ ಆಡಿಸುತ್ತದೆ, ಅವನ ಕೈಯಲ್ಲಿ ಬಿಸ್ಕತ್ತಿದ್ದರೆ ಮನೆಯೆಲ್ಲಾ ತೋರಿಸುತ್ತದೆ.

ನಿಮಗೇ ಇನ್ನೂ ಧೈರ್ಯ ಸಾಲದು ಅನ್ನಿಸಿದರೆ ಫಾಸ್ಟರ್ ಮಾಡುತ್ತೇವೆ ಅಂತ ಕೇಳಿ. ಖಾಯಂ ಮನೆ ಸಿಗುವವರೆಗೆ ಕೆಲವು ವಾರ ಇಟ್ಟುಕೊಳ್ಳುವುದು. ನನ್ನ ಪ್ರಕಾರ ಮೊದಲ ಸಲದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಮನೆ ನೋಡಲು ಬಂದಾಗ

ಮನೆ ಒಪ್ಪ ಮಾಡಿ, ಕಾಫಿಗೆ ಡಿಕಾಕ್ಷನ್ ಇಳಿಸಿ, ಶೋಕೇಸ್ ಒರೆಸಿ ಕಾಯುತ್ತಾರೆ ಪಾಪ. ನಾವು ನೋಡುವುದು ಅದನ್ನಲ್ಲ. ನಾನು ಹೋದಕೂಡಲೇ ಮಾಡುವ ಕೆಲಸ ಗೇಟಿನ ಸರಳುಗಳ ನಡುವೆ ಮುಷ್ಟಿ ತೂರಿಸಿ ನೋಡುವುದು. ಮುಷ್ಟಿ ಸಲೀಸಾಗಿ ಆಡಿದರೆ ಅಲ್ಲಿಗೆ ಜಾಲರಿ ಕಟ್ಟಿಸಲೇಬೇಕು. ಭಯಬಿದ್ದ ನಾಯಿ ಎಂಥ ಸಂದಿಯಲ್ಲೂ ನುಸುಳುತ್ತದೆ. ಬಾಲ್ಕನಿ ಗ್ರಿಲ್, ಗೇಟಿನ ಕೆಳಗಿನ ಸಂದಿ, ಸಂಪಿನ ಮುಚ್ಚಳ, ಮುಚ್ಚಳವಿಲ್ಲದ ಕಸದ ಬುಟ್ಟಿ, ಇಲಿಪಾಷಾಣ ಎಲ್ಲಿಟ್ಟಿದ್ದೀರಿ, ಇಷ್ಟು ನೋಡುತ್ತೇವೆ.

ಒಂದು ಮನೆಯಲ್ಲಿ ಎಲ್ಲಾ ಚೆನ್ನಾಗಿತ್ತು. ಕೆಲಸದವರು, ಹಾಲಿನವರು, ಪೇಪರ್‌ನವರು ಯಾರು ಬಂದರೂ ಬಾಗಿಲು ಹಾರುಹೊಡೆದೇ ಇರುತ್ತಿತ್ತು. ಬೇರೇನೂ ಬೇಡ, ಬಾಗಿಲಿಗೆ ಸ್ಪ್ರಿಂಗ್ ಹಾಕಿಸಿ ಅಂದೆವು. ಹಾಕಿಸಿದರು. ನಾಯಿ ಕೊಟ್ಟೆವು.

ನಾಯಿಯನ್ನು ಭೇಟಿ ಮಾಡುವ ದಿನ

ಮನೆಯವರೆಲ್ಲ ಹೋಗಿ. ಮೊದಲೇ ನಾಯಿ ಇದ್ದರೆ ಅದನ್ನೂ ಕರೆದುಕೊಂಡು ಹೋಗಿ. ಲ್ಯಾಬ್ ಬೀಗಲ್‌ಗಳು ಹಿಂಡಿನಲ್ಲೇ ಬೆಳೆದವು. ಮನುಷ್ಯರಿಗಿಂತ ಮುಂಚೆ ಇನ್ನೊಂದು ನಾಯಿಯನ್ನು ನಂಬುತ್ತವೆ.

ಹೋದವರೇ ತಲೆ ಸವರಲು ಕೈಚಾಚಬೇಡಿ. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕುಳಿತುಕೊಳ್ಳಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಸುಮ್ನೆ ನಿಮ್ಮನಿಮ್ಮಲ್ಲಿ ಮಾತಾಡುತ್ತಾ ಇರಿ. ಬೆಲ್ಲ ಅವತ್ತು ನನ್ನ ಹತ್ತಿರ ಬರಲೇ ಇಲ್ಲ. ನಲವತ್ತು ನಿಮಿಷ ಮೂಲೆಯಲ್ಲಿ ನಿಂತಿದ್ದು, ಕೊನೆಗೆ ಹಿಂದಿನಿಂದ ಬಂದು ನನ್ನ ಚಪ್ಪಲಿ ಮೂಸಿ ಓಡಿಹೋದಳು. ಅಷ್ಟೇ. ಮುದ್ದಾಗಿ ಮಡಿಲೇರುವ ನಾಯಿಯನ್ನೇ ಆರಿಸಬೇಕು ಅಂತೇನಿಲ್ಲ.

ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ:

- ವಯಸ್ಸು ಎಷ್ಟು, ಎಲ್ಲಿಂದ ಬಂತು, ಈಗ ಏನು ತಿನ್ನುತ್ತಿದೆ?
- ಆಪರೇಷನ್ ಆಗಿದೆಯಾ? ರೇಬಿಸ್ ಮತ್ತು ಡಿಸ್ಟೆಂಪರ್, ಪಾರ್ವೊ ಲಸಿಕೆ ಯಾವ ತಾರೀಕಿನಂದು ಆಗಿದೆ?
- ರಕ್ತ ಪರೀಕ್ಷೆ ಮಾಡಿಸಿದ್ದೀರಾ? ಪ್ಲೇಟ್‌ಲೆಟ್ ಎಷ್ಟಿದೆ?
- ಕಿವಿ ಸೋಂಕು, ಹಲ್ಲು, ಚರ್ಮ, ಫಿಟ್ಸ್ ಯಾವುದಾದರೂ ತೊಂದರೆ ಇದೆಯಾ?
- ಗಂಡಸರನ್ನು, ಮಕ್ಕಳನ್ನು, ಬೆಕ್ಕನ್ನು ಕಂಡರೆ ಹೇಗೆ?
- ಊಟದ ತಟ್ಟೆ ಹತ್ತಿರ ಹೋದರೆ ಗುರ್ ಅನ್ನುತ್ತದಾ?

ಪ್ಲೇಟ್‌ಲೆಟ್ ಯಾಕೆ ಅಂದರೆ, ಉಣುಗು ಕಚ್ಚಿ ಬರುವ ಜ್ವರದಲ್ಲಿ ಅದು ಇಳಿಯುತ್ತದೆ. ಮನುಷ್ಯರಿಗೆ ಡೆಂಗಿಯಲ್ಲಿ ಆಗುವ ಹಾಗೆ. ಎರ್ಲಿಕಿಯಾ ಅನ್ನುವ ರೋಗಾಣು ಇದಕ್ಕೆ ಕಾರಣ. ಬೇಗ ಸಿಕ್ಕರೆ ಮಾತ್ರೆಯಲ್ಲಿ ವಾಸಿಯಾಗುತ್ತದೆ, ತಡವಾದರೆ ಜೀವಕ್ಕೇ ಕುತ್ತು. ಬೀಗಲ್‌ಗೆ ಕಿವಿ ಜೋತುಬಿದ್ದಿರುವುದರಿಂದ ಒಳಗೆ ಗಾಳಿಯಾಡುವುದಿಲ್ಲ. ಕಿವಿ ಮೇಲೆತ್ತಿ ನೀವೇ ಮೂಸಿ ನೋಡಿ. ಹುಳಿಹಿಟ್ಟಿನ ವಾಸನೆ ಬಂದರೆ ಸೋಂಕಿರಬಹುದು. ಅದಕ್ಕಾಗಿ ನಾಯಿ ಬೇಡ ಅನ್ನಬೇಕಾಗಿಲ್ಲ, ಡಾಕ್ಟರಿಗೆ ತೋರಿಸಿದರೆ ಆಯಿತು.

ಒಪ್ಪಂದದ ಕಾಗದ

ಸಹಿ ಹಾಕುವ ಮುಂಚೆ ಓದಿ. ಮಾರುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ, ಮರಿ ಹಾಕಿಸುವಂತಿಲ್ಲ, ಕಟ್ಟಿಹಾಕಿ ಸಾಕುವಂತಿಲ್ಲ, ಕಳೆದುಹೋದರೆ ಕೂಡಲೇ ತಿಳಿಸಬೇಕು, ಇಟ್ಟುಕೊಳ್ಳಲು ಆಗದಿದ್ದರೆ ಗುಂಪಿಗೇ ವಾಪಸ್ ಕೊಡಬೇಕು. ಆಧಾರ್ ಪ್ರತಿ ಕೇಳುತ್ತಾರೆ. ಕೆಲವು ಕಡೆ ಆಪರೇಷನ್, ಲಸಿಕೆ ಖರ್ಚಿಗೆ ಅಂತ ಒಂದಿಷ್ಟು ದುಡ್ಡು ಕೇಳುತ್ತಾರೆ. ರಸೀದಿ ತಗೊಳ್ಳಿ.

ಕರೆತರುವ ದಿನ

ಎರಡು ಹಗ್ಗ. ಒಂದು ಕತ್ತಿನ ಪಟ್ಟಿಗೆ, ಇನ್ನೊಂದು ಮೈಗೆ ಹಾಕುವ ಹಾರ್ನೆಸ್‌ಗೆ. ಇದರಲ್ಲಿ ರಾಜಿ ಬೇಡ. ಭಯವಾದಾಗ ಬೀಗಲ್ ಹಿಂದಕ್ಕೆ ಜಗ್ಗಿ ತಲೆ ಕೆಳಗೆ ಮಾಡಿದರೆ ಪಟ್ಟಿ ಕಿವಿ ಮೇಲಿಂದ ಜಾರಿ ಕೈಗೆ ಬರುತ್ತದೆ. ನಾವು ಕಂಡಂತೆ ನಾಯಿ ತಪ್ಪಿಸಿಕೊಳ್ಳುವುದು ಮೊದಲ ಕೆಲವು ದಿನಗಳಲ್ಲೇ ಜಾಸ್ತಿ. ಅದರಲ್ಲೂ ಕಾರಿನ ಬಾಗಿಲು ತೆಗೆಯುವ ಆ ಅರ್ಧ ನಿಮಿಷದಲ್ಲಿ. ಕಾರು ಗೇಟಿನ ಒಳಗೆ ಬರಲಿ, ಗೇಟು ಹಾಕಿ, ಆಮೇಲೆ ಬಾಗಿಲು ತೆಗೆಯಿರಿ. ಫೋನ್ ನಂಬರ್ ಇರುವ ಬಿಲ್ಲೆ ಅವತ್ತೇ ಕತ್ತಿನಲ್ಲಿರಬೇಕು. ಹಳೇ ಟವೆಲ್ ಎರಡು ಇಟ್ಟುಕೊಳ್ಳಿ, ದಾರಿಯಲ್ಲಿ ವಾಂತಿ ಗ್ಯಾರಂಟಿ.

ಗುರುವಾರ ಅಥವಾ ಶುಕ್ರವಾರ ಕರೆತಂದರೆ ವಾರಾಂತ್ಯ ಸಿಗುತ್ತದೆ. ದೀಪಾವಳಿಗೆ ಮುಂಚಿನ ಎರಡು ಮೂರು ವಾರ, ಗಣೇಶ ಕೂರಿಸಿದ ಬೀದಿಯಲ್ಲಿ ಡ್ರಮ್ ಬಾರಿಸುವ ದಿನಗಳು ಖಂಡಿತ ಬೇಡ.

ಮೊದಲ ಮೂರು ದಿನ, ಮೂರು ವಾರ, ಮೂರು ತಿಂಗಳು

ನಾಯಿ ಸಾಕುವವರೆಲ್ಲ ಹೇಳುವ ಲೆಕ್ಕ ಇದು. ಮೂರು ದಿನ ಗಾಬರಿ, ಮೂರು ವಾರಕ್ಕೆ ದಿನಚರಿ, ಮೂರು ತಿಂಗಳಿಗೆ ಮನೆ. ಲ್ಯಾಬ್ ಬೀಗಲ್‌ಗೆ ಇದನ್ನು ಒಂದೂವರೆ ಪಟ್ಟು ಮಾಡಿಕೊಳ್ಳಿ.

ಬೆಲ್ಲ ಬಂದ ಸಂಜೆ ಅಂಗಳದ ಮಣ್ಣಿಗೆ ಕಾಲಿಟ್ಟವಳು ಬಿಸಿ ತವೆ ಮುಟ್ಟಿದವಳ ಹಾಗೆ ಪಾದ ಮೇಲೆತ್ತಿದಳು. ಒಂದೊಂದೇ ಪಾದ ಎತ್ತಿ ಒದರಿದಳು. ನಾಲ್ಕು ವರ್ಷ ಗಟ್ಟಿ ನೆಲ, ಸರಳಿನ ನೆಲ ಬಿಟ್ಟು ಬೇರೆ ಮುಟ್ಟಿರಲಿಲ್ಲ. ಬೆರಳುಗಳು ಅಗಲವಾಗಿ ಬಿಚ್ಚಿಕೊಂಡಿದ್ದವು. ಒಳಗೆ ಬಂದವಳೇ ಮಂಚದ ಕೆಳಗೆ ಸೇರಿದಳು. ಹಾಗೆ ಸೇರಿದರೆ ಎಳೆಯಬೇಡಿ. ನೀರು, ಊಟ ಅಲ್ಲೇ ಹತ್ತಿರ ಇಡಿ. ರಾತ್ರಿ ಅದೇ ಕೋಣೆಯಲ್ಲಿ ಯಾರಾದರೂ ಚಾಪೆ ಹಾಕಿ ಮಲಗಿ.

ಮಾರನೇ ದಿನ ಬೆಳಿಗ್ಗೆ ಕುಕ್ಕರ್ ಕೂಗಿತು. ಬೆಲ್ಲ ಅಲ್ಲೇ ಉಚ್ಚೆ ಹೊಯ್ದುಕೊಂಡಳು. ನಮ್ಮ ಕಿವಿಗೆ ಬೀಳದೇ ಹೋಗುವ ಸದ್ದುಗಳು ಎಷ್ಟಿವೆ ಅಂತ ಆವತ್ತು ಗೊತ್ತಾಯಿತು: ಮಿಕ್ಸಿ, ಕಾಲಿಂಗ್ ಬೆಲ್, ಕಸದ ಆಟೋ ಹಾಡು, ಪಂಪ್‌ಸೆಟ್. ಒಂದು ವಾರ ಅನ್ನವನ್ನು ಪಾತ್ರೆಯಲ್ಲೇ ಬಸಿದೆವು. ಆಮೇಲೆ ಕುಕ್ಕರ್ ಇಡುವ ಮುಂಚೆ ದೂರದ ಕೋಣೆಯಲ್ಲಿ ಕೂರಿಸಿ, ಪ್ರತಿ ವಿಸಿಲ್‌ಗೂ ಒಂದು ಚೂರು ಬೇಯಿಸಿದ ಕೋಳಿ ಕೊಟ್ಟೆವು. ಈಗ ಕುಕ್ಕರ್ ಕೂಗಿದರೆ ಅಡುಗೆಮನೆ ಗೇಟಿಗೆ ಬಂದು ಕೂರುತ್ತಾಳೆ. ಯಾವ ಸದ್ದಿಗಾದರೂ ಇದೇ ಕ್ರಮ: ದೂರದಿಂದ ಶುರು ಮಾಡಿ, ಸದ್ದು ಬಂದಕೂಡಲೇ ರುಚಿಯಾದದ್ದು ಕೊಡಿ, ದಿನಾ ಸ್ವಲ್ಪ ಹತ್ತಿರ ತನ್ನಿ.

ಉಚ್ಚೆ ವಿಷಯ. ವಯಸ್ಸಾದ ನಾಯಿಯಾದರೂ ಮರಿ ಅಂತಲೇ ತಿಳಿಯಿರಿ. ಎದ್ದಕೂಡಲೇ, ತಿಂದಮೇಲೆ, ಮಿಕ್ಕಂತೆ ಎರಡು ಗಂಟೆಗೊಮ್ಮೆ ಹೊರಗೆ ಒಂದೇ ಜಾಗಕ್ಕೆ ಕರೆದುಕೊಂಡು ಹೋಗಿ. ಮಾಡಿದರೆ ಅಲ್ಲೇ ಹೊಗಳಿ, ತಿಂಡಿ ಕೊಡಿ. ಒಳಗೆ ಮಾಡಿದರೆ ಬೈಯದೆ ಒರೆಸಿ. ಮುಖ ತಿಕ್ಕುವುದು, ಪೇಪರ್ ಸುತ್ತಿ ಹೊಡೆಯುವುದು ಇವೆಲ್ಲ ಹಳೇ ಕಾಲದ ದಡ್ಡತನ. ನಿಮ್ಮ ಎದುರಿಗೆ ಮಾಡಬಾರದು ಅನ್ನುವುದನ್ನಷ್ಟೇ ನಾಯಿ ಕಲಿಯುತ್ತದೆ, ಆಮೇಲೆ ಸೋಫಾ ಹಿಂದೆ ಹೋಗಿ ಮಾಡುತ್ತದೆ.

ಮೆಟ್ಟಿಲು ಹತ್ತಿಸಲು ಅವಸರ ಬೇಡ. ಕೆಳಗಿನ ಒಂದೇ ಮೆಟ್ಟಿಲಿನಿಂದ ಶುರು ಮಾಡಿ. ನೆಂಟರನ್ನು ಮೊದಲ ಎರಡು ವಾರ ಕರೆಯಬೇಡಿ. ಸ್ನಾನವೂ ಬೇಡ. ವಾಸನೆ ಇರುತ್ತದೆ, ಸಹಿಸಿಕೊಳ್ಳಿ. ಬೇಲಿ ಇಲ್ಲದ ಕಡೆ ಹಗ್ಗ ಬಿಚ್ಚುವುದು ಈಗಲೂ ಬೇಡ, ಐದು ವರ್ಷ ಆದಮೇಲೂ ಬೇಡ. ಜಾಡು ಸಿಕ್ಕಿತು ಅಂದರೆ ಬೀಗಲ್‌ಗೆ ನಿಮ್ಮ ಕೂಗು ಕೇಳಿಸುವುದಿಲ್ಲ.

ನಾಯಿ ಬಾಲ ಡೊಂಕು ಅನ್ನುವ ಗಾದೆ ಬೀಗಲ್‌ಗೆ ಹೊಂದುವುದಿಲ್ಲ. ಇದರ ಬಾಲ ಬಾವುಟದ ಕೋಲಿನ ಹಾಗೆ ನೆಟ್ಟಗೆ ನಿಲ್ಲಬೇಕು, ತುದಿ ಬಿಳಿ. ಬೆಲ್ಲನ ಬಾಲ ಹೊಟ್ಟೆಗೆ ಅಂಟಿಕೊಂಡೇ ಇತ್ತು. ಹತ್ತೊಂಬತ್ತನೇ ದಿನ ಹೊಂಗೆ ಮರದ ಬುಡ ಮೂಸುತ್ತಿದ್ದಾಗ ಬಿಳಿ ತುದಿ ಮೇಲೆ ಬಂತು. ನಿಮ್ಮ ನಾಯಿ ಎಲ್ಲಿಗೆ ಬಂದಿದೆ ಅಂತ ತಿಳಿಯಲು ಕ್ಯಾಲೆಂಡರ್‌ಗಿಂತ ಬಾಲ ನೋಡುವುದು ಒಳ್ಳೆಯದು.

ಊಟ

ಬಂದಕೂಡಲೇ ಮೊಸರನ್ನ ಹಾಕಬೇಡಿ. ಮೊದಲು ತಿನ್ನುತ್ತಿದ್ದ ಪೆಲೆಟ್‌ಗಳನ್ನೇ ಕೊಡಿ. ಒಂದು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ಹೊಸದನ್ನು ಬೆರೆಸಿ. ಇಲ್ಲದಿದ್ದರೆ ಭೇದಿ ಶುರುವಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಅಂದರೆ ಹುಳಿ ಕಲಸಿದ ಅನ್ನ, ಪಾಯಸದ ತಳ ಎರಡೂ ಇಲ್ಲ.

ಬೀಗಲ್ ಯಾವತ್ತೂ ಹೊಟ್ಟೆ ತುಂಬಿತು ಅನ್ನುವುದಿಲ್ಲ. ಅಳತೆ ಲೋಟ ಇಟ್ಟುಕೊಳ್ಳಿ. ಪಕ್ಕೆ ಸವರಿದರೆ ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು. ನಮ್ಮ ಮನೆಯಲ್ಲಿ ಶತ್ರು ಅಂದರೆ ನಮ್ಮ ಅತ್ತೆಯ ಮಾರಿ ಬಿಸ್ಕತ್ತು. "ಪಾಪ, ನೋಡ್ತಾ ಕೂತಿದ್ದಾಳೆ" ಅಂತ ಶುರುವಾಗಿ ಮೂರು ತಿಂಗಳಿಗೆ ಎರಡು ಕಿಲೋ ಏರಿದ್ದಳು. ಈಗ ಬಿಸ್ಕತ್ತಿನ ಬದಲು ಸೌತೆಕಾಯಿ ಚೂರು.

ಹೊಂದಿಕೆ ಆಗದಿದ್ದರೆ

ಇದನ್ನು ಯಾರೂ ಬರೆಯುವುದಿಲ್ಲ. ಬೆಲ್ಲಗಿಂತ ಮುಂಚೆ ನಾವು ಇನ್ನೊಂದು ಬೀಗಲ್ ತಂದಿದ್ದೆವು. ಮನೆಯವರೇ ಬಿಟ್ಟುಹೋಗಿದ್ದ ಗಂಡುನಾಯಿ. ಒಂಟಿಯಾಗಿ ಹತ್ತು ನಿಮಿಷ ಇರಲು ಆಗುತ್ತಿರಲಿಲ್ಲ. ಬಾಗಿಲು ಕೆರೆದು ಕೆರೆದು ಉಗುರು ಕಿತ್ತು ರಕ್ತ ಬಂದಿತ್ತು. ಇಬ್ಬರಿಗೂ ಆಫೀಸು. ಐದು ವಾರ ಒದ್ದಾಡಿದೆವು. ಫೋನ್ ಮಾಡಲು ನಾಚಿಕೆ. ಕೊನೆಗೆ ಮಾಡಿದಾಗ ಅವರು ಬೈಯಲಿಲ್ಲ. "ಎರಡನೇ ವಾರದಲ್ಲೇ ಹೇಳಬಾರದಿತ್ತಾ" ಅಂದರು ಅಷ್ಟೇ. ಅವನು ಈಗ ಮೈಸೂರಿನಲ್ಲಿ, ನಿವೃತ್ತ ದಂಪತಿ, ಇನ್ನೆರಡು ನಾಯಿ ಇರುವ ಮನೆಯಲ್ಲಿದ್ದಾನೆ.

ಬೇಗ ಹೇಳಿದರೆ ತರಬೇತಿ ಕೊಡುವವರನ್ನು ಕಳಿಸುತ್ತಾರೆ, ಔಷಧ ಸಾಕಾಗುತ್ತದೇನೋ ನೋಡುತ್ತಾರೆ, ಅದೂ ಆಗದಿದ್ದರೆ ಬೇರೆ ಮನೆ ಹುಡುಕುತ್ತಾರೆ. ನೀವೇ ಪರಿಚಯದವರಿಗೆ ದಾಟಿಸಬೇಡಿ. ಬೀದಿಗೆ ಬಿಡುವುದಂತೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಆ ಸೆಕ್ಷನ್‌ನಲ್ಲಿ ಬರೆದಿರುವ ದಂಡ ಹೆಚ್ಚೆಂದರೆ 50 ರೂಪಾಯಿ, ಒಂದು ಮಸಾಲೆ ದೋಸೆಯೂ ಬರುವುದಿಲ್ಲ. ಅದು ಬೇರೆ ಮಾತು.

ವಾಪಸ್ ಕೊಡುವ ದಿನ ಲಸಿಕೆ ಪುಸ್ತಕ, ಹಾರ್ನೆಸ್, ಉಳಿದ ಊಟ ಎಲ್ಲ ಜತೆಗೆ ಕಳಿಸಿ. ಏನಕ್ಕೆ ಹೆದರುತ್ತದೆ, ಯಾವ ಹೊತ್ತಿಗೆ ಹೊರಗೆ ಹೋಗುತ್ತದೆ, ಏನು ಕೊಟ್ಟರೆ ಹತ್ತಿರ ಬರುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಡಿ. ಅದು ಮಲಗುತ್ತಿದ್ದ ಬೆಡ್‌ಶೀಟನ್ನೂ ಕೊಡಿ. ತೊಳೆಯಬೇಡಿ, ವಾಸನೆ ಹಾಗೇ ಇರಲಿ.